ಸಬೀಯರ ಭಾಷೆ: ಶಿಲೆಯಲ್ಲಿಯೂ ಕಡ್ಡಿಯಲ್ಲಿಯೂ

ಸಬಾ ಎಂಬ ಹೆಸರನ್ನು ಕೇಳಿದೊಡನೆ ಬಹುಮಂದಿಯ ನೆನಪಿಗೆ ಬರುವುದು ಒಬ್ಬ ರಾಣಿ. ಒಂಟೆಗಳ ಮೇಲೆ ಸುಗಂಧದ್ರವ್ಯಗಳನ್ನೂ ಚಿನ್ನವನ್ನೂ ಹೇರಿಸಿಕೊಂಡು, ಒಗಟುಗಳಿಂದ ಸೊಲೊಮನ್ನನ ಜ್ಞಾನವನ್ನು ಪರೀಕ್ಷಿಸಲು ಆಕೆ ಜೆರೂಸಲೇಮಿಗೆ ಬಂದಳೆಂದು ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ ಹತ್ತನೆಯ ಅಧ್ಯಾಯವು ಹೇಳುತ್ತದೆ. ಅರಬರು ಆಕೆಗೆ ಬಿಲ್ಕೀಸ್ ಎಂದೂ ಇಥಿಯೋಪಿಯದವರು ಮಾಕೆದಾ ಎಂದೂ ಹೆಸರಿಟ್ಟರು. ಆದರೆ ಸಬೀಯರೇ ಬರೆಯಿಸಿದ ಸಾವಿರಾರು ಶಾಸನಗಳಲ್ಲಿ ಆಕೆಯ ಸುಳಿವಿಲ್ಲ. ಸಬಾ ರಾಜ್ಯವನ್ನು ಆಳಿದ ಬೇರೆ ಯಾವ ರಾಣಿಯ ಹೆಸರೂ ಅವುಗಳಲ್ಲಿ ಕಂಡುಬಂದಿಲ್ಲ. ಅನ್ಯರ ಕಥೆಗಳಲ್ಲಿ ಅಷ್ಟು ಮಾತುಬಲ್ಲವಳಾದ ಈ ರಾಣಿಯ ಜನರು ತಮ್ಮ ಸ್ವಂತ ಬರಹದಲ್ಲಿ ಎಂತಹ ಮಿತಭಾಷಿಗಳಾಗಿದ್ದರೆಂಬುದನ್ನೂ, ಆ ಮಿತಭಾಷಿತ್ವವನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನೂ ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಮೊದಲೇ ಒಂದು ಗೊಂದಲವನ್ನು ನಿವಾರಿಸುವುದು ಒಳ್ಳೆಯದು. ಕುರ್‌ಆನಿನಲ್ಲಿ ಯೆಹೂದ್ಯರ ಮತ್ತು ಕ್ರೈಸ್ತರ ಜೊತೆಯಲ್ಲಿ ಹೆಸರಿಸಲ್ಪಟ್ಟಿರುವ ಸಾಬಿಯರಾಗಲಿ, ಹರ್ರಾನ್ ನಗರದಲ್ಲಿ ನಕ್ಷತ್ರಪೂಜಕರೆಂದು ಪ್ರಸಿದ್ಧರಾಗಿದ್ದ ಸಾಬಿಯರಾಗಲಿ ನಮ್ಮ ಸಬೀಯರಲ್ಲ. ಅರಬ್ಬೀ ಲಿಪಿಯಲ್ಲಿ ಇವರ ಹೆಸರು ‘ಸೀನ್’ ಅಕ್ಷರದಿಂದಲೂ ಅವರ ಹೆಸರು ‘ಸ್ವಾದ್’ ಅಕ್ಷರದಿಂದಲೂ ಮೊದಲಾಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಸಕಾರವೇ ಗತಿಯಾದುದರಿಂದ ನಮ್ಮಲ್ಲಿ ಈ ಭ್ರಾಂತಿಗೆ ಇನ್ನೂ ಹೆಚ್ಚಿನ ಅವಕಾಶವುಂಟು.

ಸಬೀಯರ ನಾಡು ಇಂದಿನ ಯೆಮನ್ ದೇಶದಲ್ಲಿ, ಬೆಟ್ಟಗಳು ಮುಗಿದು ಮರುಭೂಮಿಯು ಮೊದಲಾಗುವ ಪೂರ್ವದ ಅಂಚಿನಲ್ಲಿದ್ದಿತು. ಮಾರಿಬ್ ಅವರ ರಾಜಧಾನಿ. ಅದರ ಪಶ್ಚಿಮಕ್ಕಿರುವ ಸಿರ್ವಾಹ್ ಇನ್ನೊಂದು ಮುಖ್ಯ ಪಟ್ಟಣ. ಮಳೆ ಬಿದ್ದಾಗ ಮಾತ್ರ ಉಕ್ಕಿ ಹರಿಯುವ ದನಾ ಎಂಬ ಹಳ್ಳಕ್ಕೆ ಅಡ್ಡಲಾಗಿ ಅವರು ಸುಮಾರು 600 ಮೀಟರು ಉದ್ದದ ಕಟ್ಟೆಯನ್ನು ಕಟ್ಟಿದ್ದರು. ನಮ್ಮ ಕೆರೆಯ ಏರಿಯಂತೆ ನೀರನ್ನು ಕೂಡಿಡುವುದು ಅದರ ಉದ್ದೇಶವಾಗಿರಲಿಲ್ಲ. ನೆರೆಯ ನೀರನ್ನು ಹೊಲಗಳ ಮಟ್ಟಕ್ಕೆ ಏರಿಸಿ, ಎರಡು ಕೊನೆಗಳಲ್ಲಿಯೂ ಇದ್ದ ಕಲ್ಲಿನ ತೂಬುಗಳ ಮೂಲಕ ಎರಡು ದಡಗಳ ತೋಟಗಳಿಗೆ ಹಂಚುವ ಅಣೆಕಟ್ಟು ಅದು. ಸುಮಾರು 9,600 ಹೆಕ್ಟೇರುಗಳಷ್ಟು ನೆಲವು ಹೀಗೆ ಸಾಗುವಳಿಯಾಗುತ್ತಿದ್ದಿತೆಂದು ಲೆಕ್ಕಹಾಕಿದ್ದಾರೆ. ಗ್ರೀಕ್ ಮತ್ತು ರೋಮನ್ ಗ್ರಂಥಕಾರರು ಸಬೀಯರ ಐಶ್ವರ್ಯಕ್ಕೆಲ್ಲ ಧೂಪದ ಅಂಟು ಮತ್ತು ಬೋಳಗಳ ವ್ಯಾಪಾರವೇ ಕಾರಣವೆಂದು ಬಗೆದಿದ್ದರು; ಕ್ರಿ. ಪೂ. 26–25ರಲ್ಲಿ ಅಗಸ್ಟಸನ ಸೇನಾನಿ ಏಲಿಯಸ್ ಗ್ಯಾಲಸನು ಆ ಐಶ್ವರ್ಯವನ್ನು ಅರಸಿಕೊಂಡು ಬಂದು, ಆರು ದಿನಗಳ ಮುತ್ತಿಗೆಯ ಬಳಿಕ ನೀರಿಲ್ಲದೆ ಹಿಂದಿರುಗಿದನು. ವಾಸ್ತವವಾಗಿ ಧೂಪದ ಮರಗಳು ಬೆಳೆಯುತ್ತಿದ್ದುದು ಪೂರ್ವದ ಹದ್ರಮೌತ್ ಮುಂತಾದ ಕಡೆಗಳಲ್ಲಿ. ಸಬೀಯರಿಗೆ ದಾರಿಯು ಸೇರಿದ್ದಿತು, ಮತ್ತು ಮಾರಿಬಿನ ಹೊಲಗಳು ಸೇರಿದ್ದುವು. ಈ ವ್ಯಾಪಾರದಲ್ಲಿ ಭಾರತೀಯರಿಗೂ ಪಾಲಿದ್ದುದಕ್ಕೆ ನೇರವಾದ ಆಧಾರಗಳಿವೆ. ಹದ್ರಮೌತಿನ ರಾಜಧಾನಿಯಾದ ಶಬ್ವಾದ ಬಳಿಯ ಅಲ್-ಉಕ್ಲಾ ಎಂಬಲ್ಲಿರುವ ಕ್ರಿ. ಶ. 3ನೆಯ ಶತಮಾನದ ಬಂಡೆಬರಹವೊಂದು ಅಲ್ಲಿಯ ಅರಸನೊಡನಿದ್ದ ಹೊರನಾಡಿನವರಲ್ಲಿ ಪಾಲ್ಮೀರಾದವರನ್ನೂ ಭಾರತೀಯರನ್ನೂ ಹೆಸರಿಸುತ್ತದೆ. ಸೊಕೊತ್ರಾ ದ್ವೀಪದ ಹೋಕ್ ಗುಹೆಯಲ್ಲಿ ಬ್ರಾಹ್ಮೀ ಲಿಪಿಯ ಬರಹಗಳು ಹೇರಳವಾಗಿ ದೊರೆತಿವೆ.

ಇನ್ನು ಪ್ರಕೃತಕ್ಕೆ ಬರೋಣ. ಸಬೀಯರು ಬರೆದ ಒಂದು ಗ್ರಂಥವೂ ಉಳಿದಿಲ್ಲ. ಹತ್ತನೆಯ ಶತಮಾನದ ಯೆಮನೀ ವಿದ್ವಾಂಸನಾದ ಅಲ್-ಹಮ್ದಾನಿಯು ತನ್ನ ‘ಅಲ್-ಇಕ್ಲೀಲ್’ ಎಂಬ ಗ್ರಂಥದಲ್ಲಿ ನಾಡಿನ ಹಾಳುಕೋಟೆಗಳನ್ನು ವರ್ಣಿಸಿದ್ದಾನೆ. ಅರಬರು ‘ಮುಸ್ನದ್’ ಎಂದು ಕರೆದ ಆ ಹಳೆಯ ಲಿಪಿಯ ಅಕ್ಷರಗಳೂ ಅವನಿಗೆ ಗೊತ್ತಿದ್ದುವು. ಅವನ ತರುವಾಯ ಆ ಜ್ಞಾನವು ಕ್ಷೀಣಿಸಿತು. ಯೂರೋಪಿನವರಲ್ಲಿ ಕಾರ್‌ಸ್ಟೆನ್ ನೀಬೂರನು 1763ರಲ್ಲಿ ಯೆಮನಿನಲ್ಲಿ ಸಂಚರಿಸುತ್ತಿದ್ದಾಗ ಇಂತಹ ಶಾಸನಗಳ ಸುದ್ದಿಯನ್ನು ಕೇಳಿದನು; 1810ರಲ್ಲಿ ಸೀಟ್ಜೆನ್ ಎಂಬವನು ಕೆಲವನ್ನು ಪ್ರತಿಮಾಡಿ ಕಳುಹಿಸಿದನು; 1841ರಲ್ಲಿ ಜರ್ಮನಿಯ ಗೆಸೇನಿಯಸ್ ಮತ್ತು ರೋಡಿಗರ್ ಎಂಬ ವಿದ್ವಾಂಸರು ಲಿಪಿಯ ಬಹುಭಾಗವನ್ನು ಓದಿದರು; ಎರಡು ವರ್ಷಗಳ ಅನಂತರ ಆರ್ನೋ ಎಂಬ ಫ್ರೆಂಚನು ಮಾರಿಬನ್ನು ಮುಟ್ಟಿ ಐವತ್ತಕ್ಕೂ ಹೆಚ್ಚು ಶಾಸನಗಳನ್ನು ತಂದನು.

ಇವರೆಲ್ಲರಿಗಿಂತ ಸಾಹಸಿ ಜೋಸೆಫ್ ಹಾಲೆವಿ. ಈತನು 1869–70ರಲ್ಲಿ ಪ್ಯಾರಿಸಿನ ವಿದ್ವತ್ಸಂಸ್ಥೆಯ ಪರವಾಗಿ, ಜೆರೂಸಲೇಮಿನಿಂದ ಭಿಕ್ಷೆಗಾಗಿ ಬಂದ ಬಡ ಯೆಹೂದ್ಯ ಗುರುವಿನ ವೇಷದಲ್ಲಿ ಜೌಫ್ ಪ್ರಾಂತವನ್ನೆಲ್ಲ ಸುತ್ತಿ 686 ಶಾಸನಗಳ ಪ್ರತಿಗಳೊಡನೆ ಹಿಂದಿರುಗಿದನು. ಅವನ ಜೊತೆಯಲ್ಲಿ ಸನಾ ನಗರದ ಹಯ್ಯೀಮ್ ಹಬ್‌ಶೂಷ್ ಎಂಬ ತಾಮ್ರದ ಕೆಲಸಗಾರನಿದ್ದನು. ದಾರಿ ತೋರಿಸಿದವನು ಇವನು, ಬಹಳಷ್ಟು ಶಾಸನಗಳನ್ನು ಪ್ರತಿಮಾಡಿದವನೂ ತಾನೇ ಎಂದು ಇವನು ಹೇಳಿಕೊಂಡಿದ್ದಾನೆ. ಹಾಲೆವಿಯ ವರದಿಯಲ್ಲಿ ಇವನ ಹೆಸರೇ ಇಲ್ಲ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲ ಕಳೆದಮೇಲೆ, 1882ರಿಂದ 1894ರವರೆಗೆ ನಾಲ್ಕು ಸಲ ಯೆಮನಿಗೆ ಬಂದ ಎಡ್ವರ್ಡ್ ಗ್ಲಾಸರನ ಪ್ರೇರಣೆಯಿಂದ ಹಬ್‌ಶೂಷನು ತನ್ನ ಪ್ರಯಾಣದ ಕಥೆಯನ್ನು ಬರೆದಿಟ್ಟನು. ಅದು 1941ರಲ್ಲಿ ಅಚ್ಚಾಯಿತು. ಶಾಸನಗಳನ್ನು ಬರೆಯಿಸಿದವರ ಹೆಸರುಗಳಿಗಾಗಿ ಅಷ್ಟು ಕಷ್ಟಪಟ್ಟ ವಿದ್ವಾಂಸನು ತನ್ನ ಪಕ್ಕದಲ್ಲಿ ನಡೆದವನ ಹೆಸರನ್ನು ಬಿಟ್ಟುಬಿಟ್ಟುದು ವಿಷಾದಕರ.

ಹೀಗೆ ಬಂದ ಶಾಸನಗಳಿಂದ ಭಾಷೆಯ ಸ್ವರೂಪವು ತಿಳಿಯಿತು. ಹೀಬ್ರೂ, ಅರಬ್ಬೀ, ಇಥಿಯೋಪಿಯದ ಗೀಜ್ ಇವುಗಳಂತೆ ಇದೂ ಸೆಮಿಟಿಕ್ ವರ್ಗದ ಭಾಷೆ. ನೆರೆಯ ಮಯೀನ್, ಕತಬಾನ್, ಹದ್ರಮೌತ್ ರಾಜ್ಯಗಳ ಭಾಷೆಗಳು ಇದರ ಸೋದರಿಯರು. ಆದರೆ ಅವುಗಳಲ್ಲಿ ಪ್ರೇರಣಾರ್ಥಕ ಕ್ರಿಯಾಪದದ ಮೊದಲಲ್ಲಿ ಸಕಾರವು ಬರುವೆಡೆ ಸಬೀಯದಲ್ಲಿ ಹಕಾರವು ಬರುತ್ತದೆ. ‘ಆ’, ‘ಈ’ ಎಂದು ನಿರ್ದೇಶಿಸುವ ಗುಣವನ್ನು ನಾಮಪದದ ಹಿಂದೆ ಅಲ್ಲ, ಕೊನೆಯಲ್ಲಿ ಒಂದು ನಕಾರವನ್ನು ಸೇರಿಸಿ ಸೂಚಿಸುತ್ತಾರೆ. ವರ್ಣಮಾಲೆಯಲ್ಲಿ 29 ವ್ಯಂಜನಗಳು. ಸಕಾರದ ಜಾತಿಯವೇ ಮೂರು. ಅಕ್ಷರಗಳು ಕೊರೆದಿಟ್ಟ ಜ್ಯಾಮಿತಿಯ ಆಕೃತಿಗಳಂತೆ ಸಮಪ್ರಮಾಣವಾಗಿಯೂ ಸುಂದರವಾಗಿಯೂ ಇವೆ. ಪದಕ್ಕೂ ಪದಕ್ಕೂ ನಡುವೆ ಒಂದು ನೆಟ್ಟ ಗೆರೆಯುಂಟು. ಹಳೆಯ ಶಾಸನಗಳಲ್ಲಿ ಸಾಲುಗಳು ಎತ್ತು ಉಳುವಂತೆ ಒಮ್ಮೆ ಬಲದಿಂದ ಎಡಕ್ಕೆ, ಮತ್ತೊಮ್ಮೆ ಎಡದಿಂದ ಬಲಕ್ಕೆ ಸಾಗುತ್ತವೆ. ಆದರೆ ಸ್ವರಗಳನ್ನು ಬರೆಯುವ ಪದ್ಧತಿ ಇಲ್ಲ. ಕಾಗುಣಿತವಿಲ್ಲದ ಕನ್ನಡವನ್ನು ವಾಚಕರು ಊಹಿಸಿಕೊಳ್ಳಲಿ. ನಾವು ‘ಅಲ್ಮಕಹ’ ಎಂದು ಉಚ್ಚರಿಸುವ ಸಬೀಯರ ಮಹಾದೇವತೆಯ ಹೆಸರು ಅವರ ಬಾಯಲ್ಲಿ ಹೇಗಿದ್ದಿತೋ ಯಾರೂ ಖಂಡಿತವಾಗಿ ಹೇಳಲಾರರು.

ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಕೊರತೆಯಿದ್ದಿತು. ಶಾಸನಗಳು ಸಾವಿರಾರು ಇದ್ದರೂ, ಕೆಲವೇ ಅಪವಾದಗಳನ್ನು ಬಿಟ್ಟರೆ, ಅವೆಲ್ಲವೂ ಪ್ರಥಮಪುರುಷದಲ್ಲಿವೆ. ‘ಅವನು ಕಟ್ಟಿಸಿದನು’, ‘ಅವರು ಅರ್ಪಿಸಿದರು’ ಎಂಬುದುಂಟು. ‘ನಾನು’ ಇಲ್ಲ, ‘ನೀನು’ ಇಲ್ಲ. ಮೋವಾಬಿನ ಅರಸನಾದ ಮೇಶನ ಶಾಸನವು ‘ನಾನು ಮೇಶನು’ ಎಂದೇ ಆರಂಭವಾಗುತ್ತದೆ. ಅಸ್ಸೀರಿಯದ ಅರಸರೂ ಪಾರಸಿಕ ದರಿಯವುಷನೂ ತಮ್ಮ ಪರಾಕ್ರಮಗಳನ್ನು ಉತ್ತಮಪುರುಷದಲ್ಲಿಯೇ ಸಾರಿದ್ದಾರೆ. ಸಬೀಯರಲ್ಲಿಯಾದರೋ ‘ಮುಕರ್ರಿಬ್’ ಎಂಬ ಅತ್ಯುನ್ನತ ಬಿರುದನ್ನು ಧರಿಸಿದ ಕರಿಬಿಲ್ ವತರನು ಕೂಡ ‘ನಾನು’ ಎನ್ನುವುದಿಲ್ಲ. ಸಿರ್ವಾಹದ ದೇವಾಲಯದಲ್ಲಿರುವ ಇವನ ದೀರ್ಘಶಾಸನವು ಅವ್ಸಾನ್ ರಾಜ್ಯದ ಮೇಲಣ ಯುದ್ಧದಲ್ಲಿ 16,000 ಮಂದಿ ಹತರಾಗಿ 40,000 ಮಂದಿ ಸೆರೆಯಾದರೆಂದು ಎಣಿಸುತ್ತದೆ. ಸುಟ್ಟ ಪಟ್ಟಣಗಳನ್ನೂ ವಶಪಡಿಸಿಕೊಂಡ ಕಾಲುವೆಗಳನ್ನೂ ಒಂದೊಂದಾಗಿ ಹೆಸರಿಸುತ್ತದೆ. ಎಲ್ಲವೂ ದಫ್ತರದ ಲೆಕ್ಕದಂತೆ, ‘ಅವನು’ ಮಾಡಿದ ಕಾರ್ಯಗಳು.

ಈ ಅರಸನ ಕಾಲದ ವಿಷಯದಲ್ಲಿ ಎರಡು ಮಾತುಗಳು ಅವಶ್ಯ. ಸಾರ್ಗೋನನಿಗೆ ಕ್ರಿ. ಪೂ. 715ರ ಸುಮಾರಿಗೆ ಸಬೀಯನಾದ ಇತಅಮ್ರನೂ, ಅವನ ಮಗ ಸೆನ್ನಾಖೆರಿಬನಿಗೆ 685ರ ಸುಮಾರಿಗೆ ಸಬಾದ ಅರಸ ಕರಿಬಿಲುವೂ ಕಾಣಿಕೆಗಳನ್ನು ಸಲ್ಲಿಸಿದರೆಂದು ಅಸ್ಸೀರಿಯದ ಶಾಸನಗಳಲ್ಲಿದೆ. 1950ರ ದಶಕದಲ್ಲಿ ಜಾಕ್ಲೀನ್ ಪಿರೆನ್ ಎಂಬ ವಿದುಷಿಯು ಅಕ್ಷರಗಳ ರೂಪವನ್ನು ಗ್ರೀಕ್ ಶಾಸನಗಳೊಡನೆ ಹೋಲಿಸಿ, ಸಬೀಯ ಶಾಸನಗಳ ಆರಂಭವನ್ನು ಕ್ರಿ. ಪೂ. 5ನೆಯ ಶತಮಾನಕ್ಕೆ ಇಳಿಸಿದ್ದಳು. ಬಹುಕಾಲ ಆ ವಾದಕ್ಕೆ ಮನ್ನಣೆಯಿದ್ದಿತು. ಆದರೆ 2005ರಲ್ಲಿ ಸಿರ್ವಾಹದಲ್ಲಿ ಯಿಥಅಮರ್ ವತರನ ಶಾಸನವು ದೊರೆತ ಮೇಲೆ, ಅಸ್ಸೀರಿಯರು ಹೇಳುವ ಇಬ್ಬರೂ ಸಬೀಯ ಶಾಸನಗಳ ಈ ಇಬ್ಬರೇ ಎಂಬುದನ್ನು ಬಹುಮಂದಿ ಒಪ್ಪಿದ್ದಾರೆ.

ಅರಸರ ಮಾತು ಹಾಗಿರಲಿ. ಮಾರಿಬಿನ ಹೊರಗೆ ಅಲ್ಮಕಹನ ಅವಾಮ್ ದೇವಾಲಯವಿದೆ. ಜನರು ಅದನ್ನು ಮಹ್ರಮ್ ಬಿಲ್ಕೀಸ್ ಎಂದು ಕರೆಯುತ್ತಾರೆ. 1951–52ರಲ್ಲಿ ವೆಂಡೆಲ್ ಫಿಲಿಪ್ಸನ ಅಮೆರಿಕನ್ ತಂಡವು ಅಲ್ಲಿ ಅಗೆದು, ಅರ್ಧದಲ್ಲಿಯೇ ಪಲಾಯನ ಮಾಡಬೇಕಾಗಿ ಬಂದರೂ, ನೂರಾರು ಶಾಸನಗಳು ಬೆಳಕಿಗೆ ಬಂದುವು. ಆಲ್ಬರ್ಟ್ ಜಾಮ್ ಅವುಗಳನ್ನು 1962ರಲ್ಲಿ ಪ್ರಕಟಿಸಿದನು. ಇಂಥವನು ಅಲ್ಮಕಹನಿಗೆ ಈ ಕಂಚಿನ ವಿಗ್ರಹವನ್ನು ಅರ್ಪಿಸಿದನು. ಏತಕ್ಕೆಂದರೆ ಯುದ್ಧದಿಂದ ಕ್ಷೇಮವಾಗಿ ಹಿಂದಿರುಗಿದನು, ಅಥವಾ ರೋಗವು ವಾಸಿಯಾಯಿತು, ಅಥವಾ ಗಂಡುಮಗು ಹುಟ್ಟಿತು. ಮುಂದೆಯೂ ಒಳ್ಳೆಯ ಬೆಳೆಯನ್ನು ಕೊಡಲಿ, ಶತ್ರುವಿನ ಕೇಡಿನಿಂದ ಕಾಪಾಡಲಿ. ಇದು ಅವುಗಳ ಸಾಮಾನ್ಯ ಕ್ರಮ. ಹೆಂಗಸರು ಅರ್ಪಿಸಿದವುಗಳೂ ಇವೆ. ದೇವರೊಡನೆ ಮಾತನಾಡುವಾಗಲಾದರೂ ‘ನೀನು’ ಎನ್ನಬಹುದಾಗಿದ್ದಿತು, ಅನ್ನಲಿಲ್ಲ. ಜೌಫಿನ ಹರಮ್ ಎಂಬಲ್ಲಿ ತಪ್ಪೊಪ್ಪಿಗೆಯ ಶಾಸನಗಳು ದೊರೆತಿವೆ. ನಿಷಿದ್ಧವಾದ ದಿನದಲ್ಲಿ ಸ್ತ್ರೀಸಂಗ ಮಾಡಿದುದನ್ನು, ಸ್ನಾನ ಮಾಡದೆ ಅಶುಚಿಯಾಗಿದ್ದುದನ್ನು ದೂ-ಸಮಾವೀ ಎಂಬ ದೇವರ ಮುಂದೆ ಒಪ್ಪಿಕೊಂಡು ಅಲ್ಲಿ ಬರೆಯಿಸಿದ್ದಾರೆ. ಮನುಷ್ಯನ ಅಂತರಂಗಕ್ಕೆ ಇದಕ್ಕಿಂತ ಹತ್ತಿರವಾದ ವಿಷಯವು ಇನ್ನೇನಿದೆ? ಅಲ್ಲಿಯೂ ‘ಅವನು ತಪ್ಪಿದನು, ಅವನು ದಂಡ ತೆತ್ತನು’ ಎಂದೇ ಇದೆ.

ಇದನ್ನೆಲ್ಲ ಓದಿದವರಿಗೆ, ಸಬೀಯರು ಕಟ್ಟುವುದರಲ್ಲಿಯೂ ಕೊಳ್ಳುವುದರಲ್ಲಿಯೂ ನಿಪುಣರಾದ, ಆದರೆ ಭಾವವಿಲ್ಲದ, ಸಾಹಿತ್ಯವಿಲ್ಲದ ಜನರೆಂದು ತೋರಿದರೆ ಆಶ್ಚರ್ಯವಿಲ್ಲ. ನನಗೂ ಬಹುಕಾಲ ಹಾಗೆಯೇ ತೋರಿದ್ದಿತು. ವ್ಯಾಕರಣಕಾರರಿಗಂತೂ ದೊಡ್ಡ ಪೇಚು. ಕ್ರಿಯಾಪದದ ರೂಪಗಳ ಪಟ್ಟಿಯಲ್ಲಿ ಉತ್ತಮ ಮಧ್ಯಮ ಪುರುಷಗಳ ಎಡೆಗಳನ್ನು ಅವರು ಬರಿದಾಗಿ ಬಿಡಬೇಕಾಯಿತು. ಅರಬ್ಬಿಯಂತೆ ತಕಾರದ ಪ್ರತ್ಯಯವಿದ್ದಿತೋ ಗೀಜ್ ಭಾಷೆಯಂತೆ ಕಕಾರದ ಪ್ರತ್ಯಯವಿದ್ದಿತೋ, ಊಹಿಸಬಹುದಾಗಿದ್ದಿತೇ ಹೊರತು ತಿಳಿಯುವಂತಿರಲಿಲ್ಲ.

1970ರ ದಶಕದ ಆರಂಭದಲ್ಲಿ, ಜೌಫಿನ ಅಸ್-ಸವ್ದಾ ಎಂಬಲ್ಲಿಂದ ಮರದ ಕಡ್ಡಿಗಳು ಹೊರಬಂದುವು. ಹಿಂದೆ ನಶ್ಶಾನ್ ಎಂಬ ನಗರವಿದ್ದ ಸ್ಥಳವದು. ಖರ್ಜೂರದ ಗರಿಯ ದಂಟನ್ನೋ ಬೇರೆ ಮರದ ಕೊಂಬೆಯನ್ನೋ ಗೇಣುದ್ದಕ್ಕೆ ಕತ್ತರಿಸಿ, ಮೊನಚಾದ ಕಬ್ಬಿಣದಿಂದ ಅದರ ಮೇಲೆ ಗೀಚಿದ ಬರಹಗಳು ಅವು. ತಾಳೆಯ ಓಲೆ ಮತ್ತು ಕಂಠಗಳನ್ನು ಬಲ್ಲ ನಮಗೆ ಈ ಉಪಕರಣವು ಅಪರಿಚಿತವಲ್ಲ. ನಾವು ಗರಿಯನ್ನು ಬಳಸಿದೆವು, ಅವರು ದಂಟನ್ನು ಬಳಸಿದರು. ಅಕ್ಷರಗಳು ಶಿಲೆಯ ಅಕ್ಷರಗಳಿಂದ ಎಷ್ಟು ದೂರ ಸರಿದಿದ್ದುವೆಂದರೆ ಮೊದಲು ಇದಾವ ಲಿಪಿಯೆಂಬುದೇ ಸಂದೇಹಕ್ಕೆ ಬಂದಿತು. ಮಹಮೂದ್ ಅಲ್-ಘೂಲ್ ಎಂಬ ವಿದ್ವಾಂಸನು ಮೊದಲ ಕಡ್ಡಿಗಳನ್ನು ಬಿಡಿಸಲು ತೊಡಗಿದನು. 1983ರಲ್ಲಿ ಅವನು ತೀರಿಕೊಂಡ ಮೇಲೆ ರಿಕ್‌ಮನ್ಸ್, ಮ್ಯುಲ್ಲರ್ ಮತ್ತು ಯೂಸುಫ್ ಅಬ್ದುಲ್ಲಾ ಇವರು ಸೇರಿ 1994ರಲ್ಲಿ ಹದಿನಾರು ಕಡ್ಡಿಗಳ ಪಾಠವನ್ನು ಪ್ರಕಟಿಸಿದರು. ಪೀಟರ್ ಸ್ಟೈನನು 2010ರಿಂದ ಮ್ಯೂನಿಕ್ ಗ್ರಂಥಾಲಯದ ಸಂಗ್ರಹವನ್ನು ಪ್ರಕಟಿಸುತ್ತ ಬಂದನು. ಲೈಡನ್ ಸಂಗ್ರಹವು 2016ರಲ್ಲಿ ಹೊರಬಂದಿತು. ಇಂದು ಗೊತ್ತಿರುವ ಕಡ್ಡಿಗಳು ಸಾವಿರಾರು. ಅವುಗಳ ಕಾಲವು ಕ್ರಿ. ಪೂ. ಮೊದಲನೆಯ ಸಹಸ್ರಮಾನದ ಆರಂಭದಿಂದ ಕ್ರಿ. ಶ. 6ನೆಯ ಶತಮಾನದವರೆಗೆ ಹರಡಿದೆ.

ಈ ಕಡ್ಡಿಗಳಲ್ಲಿ ಇರುವುದೇನು? ಸಾಲದ ಪತ್ರಗಳು, ಧಾನ್ಯದ ಲೆಕ್ಕ, ಹೆಸರುಗಳ ಪಟ್ಟಿ, ಬರೆಯಲು ಕಲಿಯುತ್ತಿದ್ದವರ ಅಕ್ಷರಾಭ್ಯಾಸ. ಇವುಗಳ ಜೊತೆಗೆ ಕಾಗದಗಳು. ಒಬ್ಬನು ಇನ್ನೊಬ್ಬನಿಗೆ ಕ್ಷೇಮವನ್ನು ಹಾರೈಸಿ, ಇಂಥ ಸಾಮಾನನ್ನು ಕಳುಹಿಸು, ಇಂಥ ಬಾಕಿಯನ್ನು ತೀರಿಸು ಎಂದು ಬರೆಯುತ್ತಾನೆ. ವಿಷಯವು ಅಲ್ಪವೇ ಸರಿ. ಆದರೆ ಎದುರಿಗಿರುವವನಿಗೆ ಹೇಳುವ ಮಾತಾದುದರಿಂದ ಇಲ್ಲಿ ಮಧ್ಯಮಪುರುಷವಿಲ್ಲದೆ ಸಾಗದು. ಲಿಪಿಯನ್ನು ಓದಿ ನೂರಮೂವತ್ತು ವರ್ಷಗಳಾದ ಬಳಿಕ ಸಬೀಯರ ‘ನೀನು’ ಕೇಳಿಬಂದಿತು. ಅದರ ಕ್ರಿಯಾಪ್ರತ್ಯಯವು ತಕಾರವಲ್ಲ, ಗೀಜಿನಲ್ಲಿರುವಂತೆ ಕಕಾರವೆಂಬುದೂ ಇತ್ಯರ್ಥವಾಯಿತು.

ಆದರೂ ಅತಿಯಾಗಿ ಹಿಗ್ಗಬಾರದು. ಈ ಪತ್ರಗಳನ್ನು ಬರೆದವರು ಬಹುಮಟ್ಟಿಗೆ ವೃತ್ತಿಯ ಲಿಪಿಕಾರರು. ಅವರು ಓಲೆ ಕಳುಹಿಸುವವನನ್ನು ಸಾಮಾನ್ಯವಾಗಿ ‘ಅವನು’ ಎಂದೇ ನಿರ್ದೇಶಿಸಿ, ಪಡೆಯುವವನನ್ನು ‘ನೀನು’ ಎನ್ನುತ್ತಾರೆ. ಆದುದರಿಂದ ಮಧ್ಯಮಪುರುಷವು ದೊರೆತಷ್ಟು ಧಾರಾಳವಾಗಿ ಉತ್ತಮಪುರುಷವು ದೊರೆತಿಲ್ಲ. ಶಿಲೆಯಲ್ಲಿ ಕಂಡ ಸಂಕೋಚವು ಕಡ್ಡಿಯಲ್ಲಿ ಸಡಿಲವಾಗಿದೆಯೇ ಹೊರತು ಮಾಯವಾಗಿಲ್ಲ. ಅದು ಹೃದಯದ ಬರಡುತನವಲ್ಲ, ಬರಹದ ಮರ್ಯಾದೆ ಎಂದು ನಾನು ತಿಳಿಯುತ್ತೇನೆ. ಶಾಸನವೆಂಬುದು ಸಾಕ್ಷಿ, ಸಾಕ್ಷಿಯು ಊರವರೆಲ್ಲರ ಪರವಾಗಿ ಮಾತನಾಡುತ್ತದೆ. ನಮ್ಮ ದಾನಶಾಸನಗಳನ್ನು ಓದಿದವರು ಈ ಮಾತನ್ನು ಒಪ್ಪಿಯಾರು.

ಸಾಹಿತ್ಯದ ವಿಷಯದಲ್ಲಿಯೂ ಒಂದು ಆಧಾರವು ಸಿಕ್ಕಿದೆ. ಯೂಸುಫ್ ಅಬ್ದುಲ್ಲಾನು ಕಾನಿಯಾ ಎಂಬ ಕಣಿವೆಯ ಬಂಡೆಯ ಮೇಲೆ ಕಂಡು 1988ರಲ್ಲಿ ಪ್ರಕಟಿಸಿದ, ಸೂರ್ಯದೇವತೆಯಾದ ಶಮ್ಸಳ ಸ್ತೋತ್ರವೆಂದು ತಿಳಿಯಲಾದ ಪದ್ಯವದು. ಕಾಲವು ಸುಮಾರು ಕ್ರಿ. ಶ. 1ನೆಯ ಶತಮಾನ. ಶುದ್ಧ ಸಬೀಯವಲ್ಲ, ಸಬೀಯರ ದಕ್ಷಿಣದ ನೆರೆಯವರಾದ ಹಿಮ್ಯಾರರ ನಾಡಿನ ಭಾಷೆ. ಸಾಲುಗಳು 27, ಪ್ರತಿಯೊಂದು ಸಾಲೂ ಹಕಾರ ಕಕಾರಗಳೆರಡರಲ್ಲಿಯೇ ಮುಗಿಯುತ್ತದೆ. ಆದಿಪ್ರಾಸಕ್ಕೆ ಒಗ್ಗಿದ ನಮ್ಮ ಕಿವಿಗೆ ಇಪ್ಪತ್ತೇಳು ಸಾಲುಗಳ ಈ ಏಕರೂಪದ ಅಂತ್ಯಪ್ರಾಸವು ಬೆರಗನ್ನುಂಟುಮಾಡುತ್ತದೆ. ಅರ್ಥದಲ್ಲಿ ವಿದ್ವಾಂಸರಿಗೆ ಇನ್ನೂ ಬಹಳ ಭಿನ್ನಾಭಿಪ್ರಾಯವಿದೆ. ಆದರೆ ಕೊನೆಯ ಆ ಕಕಾರವು ಬಹುಮಟ್ಟಿಗೆ ‘ನೀನು’ ಎಂಬರ್ಥದ ಕ್ರಿಯಾಪ್ರತ್ಯಯವೇ ಎಂದು ತಿಳಿಯುತ್ತಾರೆ. ಗದ್ಯದ ಶಾಸನವು ದೇವರಿಗೆ ಹೇಳದ ‘ನೀನು’ ಪದ್ಯದಲ್ಲಿ ಸಾಲುಸಾಲಿಗೂ ಪ್ರಾಸವಾಗಿ ಮೊಳಗುತ್ತಿದೆ. ಇಂತಹ ಪದ್ಯವು ಒಂದೇ ಹುಟ್ಟಿರಲಾರದು. ಉಳಿದವು ಬಾಯಲ್ಲಿಯೇ ಇದ್ದು ಬಾಯೊಡನೆ ಹೋದುವು.

ಕಡ್ಡಿಗಳ ವಿಷಯದಲ್ಲಿ ದುಃಖಿಸಬೇಕಾದ ಸಂಗತಿಯೊಂದಿದೆ. ಅವುಗಳಲ್ಲಿ ಬಹುಪಾಲು ವಿದ್ವಾಂಸರ ಉತ್ಖನನದಿಂದ ಬಂದವಲ್ಲ. ಕಳ್ಳತನದಿಂದ ಅಗೆದು, ಮಾರಿ, ದೇಶದೇಶಗಳಿಗೆ ಚದುರಿದವು. ಯಾವ ಕಡ್ಡಿಯು ಯಾವ ಮನೆಯಲ್ಲಿ, ಯಾವುದರ ಜೊತೆಯಲ್ಲಿದ್ದಿತೆಂಬುದು ಇನ್ನು ತಿಳಿಯುವಂತಿಲ್ಲ. ಓಲೆಯು ಉಳಿಯಿತು, ಮನೆಯು ಅಳಿಯಿತು. 2015ರಿಂದ ಯುದ್ಧವು ಮಾರಿಬ್ ಪ್ರಾಂತಕ್ಕೂ ತಗುಲಿದ್ದು, 2023ರಲ್ಲಿ ಯುನೆಸ್ಕೋ ಸಂಸ್ಥೆಯು ಮಾರಿಬಿನ ಸಬೀಯ ಅವಶೇಷಗಳನ್ನು ವಿಶ್ವಪರಂಪರೆಯ ಪಟ್ಟಿಗೂ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೂ ಒಟ್ಟಿಗೇ ಸೇರಿಸಿತು.

ಸಬೀಯ ಭಾಷೆಯ ಅಂತ್ಯವನ್ನು ಸಂಕ್ಷೇಪವಾಗಿ ಹೇಳಬಹುದು. ಕ್ರಿ. ಶ. 275ರ ಸುಮಾರಿಗೆ ಹಿಮ್ಯಾರರು ಸಬಾವನ್ನು ನುಂಗಿದರು. ಆದರೆ ಶಾಸನಗಳಿಗೆ ಸಬೀಯ ಭಾಷೆಯನ್ನೇ ಉಳಿಸಿಕೊಂಡರು. 380ರ ಸುಮಾರಿಗೆ ಅರಸರು ಏಕದೇವನನ್ನು ಸ್ವೀಕರಿಸಿದರು. ಅವಾಮಿನಲ್ಲಿ ವಿಗ್ರಹಗಳನ್ನು ಅರ್ಪಿಸುವವರು ಇಲ್ಲವಾದರು. 548ರಲ್ಲಿ, ಆಗ ದೇಶವನ್ನು ಆಳುತ್ತಿದ್ದ ಕ್ರೈಸ್ತನಾದ ಅಬ್ರಹನು ಒಡೆದ ಮಾರಿಬ್ ಕಟ್ಟೆಯನ್ನು ದುರಸ್ತಿ ಮಾಡಿಸಿ, ನಡುವೆ ಪಿಡುಗು ಬಂದುದನ್ನೂ, ಕೆಲಸದವರಿಗೆ 50,806 ಅಳತೆ ಹಿಟ್ಟನ್ನೂ 26,000 ಅಳತೆ ಖರ್ಜೂರವನ್ನೂ ವೆಚ್ಚಮಾಡಿದುದನ್ನೂ ಕಲ್ಲಿನಲ್ಲಿ ಬರೆಯಿಸಿದನು. ಕಾಲವನ್ನು ನಮೂದಿಸಿದ ಕಡೆಯ ಸಬೀಯ ಶಾಸನವು 559–560ರದು. ಕಟ್ಟೆಯು ಅನಂತರ ಕೊನೆಯ ಬಾರಿ ಒಡೆಯಿತು. ಕುರ್‌ಆನಿನ ಮೂವತ್ತನಾಲ್ಕನೆಯ ಅಧ್ಯಾಯವು ಆ ಪ್ರಳಯವನ್ನು ‘ಅರಿಮ್’ ಎಂಬುದರ ನೆರೆ ಎಂದು ಕರೆಯುತ್ತದೆ. ಅದು ಕಟ್ಟೆಗೆ ಸಬೀಯರು ಬಳಸುತ್ತಿದ್ದ ಪದ. ಯೆಮನಿನ ಪಶ್ಚಿಮದ ಬೆಟ್ಟಗಳ ಕೆಲವು ಊರುಗಳಲ್ಲಿ ಇಂದು ಅರಬ್ಬಿಯನ್ನಾಡುವವರು ‘ನಾನು ಬರೆದೆ’, ‘ನೀನು ಬರೆದೆ’ ಎನ್ನುವಾಗ ಕ್ರಿಯಾಪದದ ಕೊನೆಯಲ್ಲಿ ತಕಾರದ ಬದಲು ಕಕಾರವನ್ನೇ ಉಚ್ಚರಿಸುತ್ತಾರೆ.